ಸಣ್ಣ ಹಡಗೇ ಆಗಬೇಕು

ವಯನಾಡಿನಲ್ಲಿ ಹುಟ್ಟಿದ ನಾವಿಕರ ಪೈಕಿ ನಮ್ಮ ಚಿಕ್ಕಪ್ಪನಷ್ಟು ದೊಡ್ಡವರು ಇನ್ನೊಬ್ಬರಿಲ್ಲ. ಹುಟ್ಟಿದವರೇ ಅವರೊಬ್ಬರು ಎಂಬುದು ಬೇರೆ ಮಾತು! ನಮ್ಮ ಸೀಮೆಗೆ ಕಡಲಿಲ್ಲ. ಕಡಲು ಬೇಕೆಂದರೆ ಘಟ್ಟ ಇಳಿಯಬೇಕು. ಘಟ್ಟ ಇಳಿಯುವಾಗ ಮೂರನೆಯ ತಿರುವಿಗೇ ಚಿಕ್ಕಪ್ಪನಿಗೆ ಹೊಟ್ಟೆ ತೊಳೆಸುತ್ತದೆ. ಮೊಣಕಾಲಿಗಿಂತ ಆಳದ ನೀರಿನಲ್ಲಿ ಅವರು ನಿಂತದ್ದನ್ನು ಕಂಡವರಿಲ್ಲ. ನಿಂತದ್ದೂ ಗದ್ದೆಯ ನೀರಿನಲ್ಲಿ, ಅದೂ ಬದುವಿನಿಂದ ಕಾಲು ಜಾರಿದ್ದಕ್ಕೆ. ಹೀಗಿದ್ದೂ ಅವರಿಗೆ ಹಡಗಿನ ವಿಷಯದಲ್ಲಿ ಖಡಾಖಂಡಿತವಾದ ಅಭಿಪ್ರಾಯಗಳಿದ್ದವು. ಅದರಲ್ಲಿ ಮೊದಲನೆಯದು: ಹಡಗು ಸಣ್ಣದೇ ಆಗಬೇಕು. ನೂರು ಜನಕ್ಕಿಂತ ಹೆಚ್ಚು ಹತ್ತುವ ಹಡಗಿಗೆ ಅವರು ಕಾಲಿಡುವವರಲ್ಲ. ಅವರನ್ನು ಯಾರೂ ಕರೆದಿರಲಿಲ್ಲ, ಆದರೆ ಕರೆದರೂ ಅವರು ಹೋಗುವವರಲ್ಲ!

ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ಇದರ ಅಂಚೆಲ್ಲ ಸವೆದು ನುಣುಪಾಗಿದೆ. ನುಣುಪಾದ ನೆನಪನ್ನು ಕಂಡರೆ ನನಗೆ ಗುಮಾನಿ. ಆದ್ದರಿಂದ ನನ್ನ ಅಕ್ಕ "ಹಾಗಲ್ಲ ಕಣೇ" ಎನ್ನುವ ಕಡೆಗಳಲ್ಲಿ ಅವಳ ಮಾತನ್ನೂ ಹಾಕುತ್ತೇನೆ. ಅವಳನ್ನೂ ಪೂರ್ತಿ ನಂಬಬೇಡಿ.

ನಾವು ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ಬಂದು ಇಲ್ಲಿ ಗದ್ದೆ ಮಾಡಿಕೊಂಡ ಜೈನರು, ಇಲ್ಲಿಯವರ ಬಾಯಲ್ಲಿ ಗೌಡರು. ಮನೆಯೊಳಗೆ ಕನ್ನಡ, ಶಾಲೆ ಕಚೇರಿಗಳಲ್ಲಿ ಮಲಯಾಳ. ಕಾಟ್ಟಿಕುಳದಿಂದ ಒಂದು ಮೈಲಿ ಒಳಕ್ಕೆ ನಮ್ಮ ಮನೆ. ಮನೆಯಲ್ಲಿ ಅಪ್ಪ, ಅಜ್ಜಿ, ಅಕ್ಕ, ನಾನು, ಮತ್ತೆ ಅಪ್ಪನ ತಮ್ಮನಾದ ಈ ನಾವಿಕರು. ಮದುವೆಯಾಗದೆ ನಲವತ್ತೈದು ದಾಟಿದ್ದರು. ಅದು ಮನೆಯ ದುಃಖವಾಗಿತ್ತು. ಆಮೇಲೆ ಒಬ್ಬೊಬ್ಬರು ಇಷ್ಟೇ ಜಮೀನು ಇಟ್ಟುಕೊಳ್ಳಬಹುದು ಎಂಬ ಕಾನೂನು ಬಂತು ನೋಡಿ, ಹೆಂಡತಿ ಮಕ್ಕಳಿಲ್ಲದವರ ಹೆಸರಿಗೆ ಬರೆದದ್ದು ಮನೆಯಲ್ಲೇ ಉಳಿಯುತ್ತದೆ, ಹೀಗಾಗಿ ಚಿಕ್ಕಪ್ಪ ಒಂಟಿಯಾಗಿದ್ದುದೇ ಮನೆಯ ಭಾಗ್ಯವಾಯಿತು! ಅಪ್ಪ ಕೆಳಗದ್ದೆಯ ಮೂರೆಕರೆಯನ್ನು ಚಟ್ಟನೆ ಅವರ ಹೆಸರಿಗೆ ಬರೆಸಿದರು. ಚಿಕ್ಕಪ್ಪ ಆ ಗದ್ದೆಯನ್ನು ಉಳಿಸಲು ಮಾಡಬೇಕಾದದ್ದು ಒಂದೇ ಕೆಲಸ: ವಿಚಾರಣೆಗೆ ಕರೆದಾಗಲೆಲ್ಲ ಮಾನಂದವಾಡಿಯ ಕಚೇರಿಗೆ ಹೋಗಿ, "ಇದು ನನ್ನದು, ಉಳುವವನು ನಾನೇ" ಎನ್ನುವುದು. ಹೋದಾಗಲೆಲ್ಲ ವಿಚಾರಣೆ ಮುಂದಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಬಸ್ಸು, ಮಧ್ಯಾಹ್ನ ಬೆಂಚು, ಸಂಜೆ ಬಸ್ಸು. ಹೇಳುವ ಮಾತು ಹೊಟ್ಟೆಯಲ್ಲೇ ಉಳಿದು ವಾಪಸು. ಹೀಗೆ ಎರಡು ವರ್ಷ.

ಆ ಹಡಗು ಮನೆಗೆ ಬಂದದ್ದು ಒಂದು ಕಾಗದದಲ್ಲಿ. ಊರು ಬಿಟ್ಟುಹೋಗುತ್ತಿದ್ದ ಒಬ್ಬ ತೋಟದ ದೊರೆ ಬಂಗಲೆಯ ಸಾಮಾನು ಹರಾಜು ಹಾಕಿದಾಗ, ಅಪ್ಪ ತಮ್ಮನನ್ನು ಔಷಧಿ ಹೊಡೆಯುವ ಪಂಪು ತರಲು ಕಳುಹಿಸಿದ್ದರು. ಚಿಕ್ಕಪ್ಪ ಪಂಪು ತರಲಿಲ್ಲ. ಒಂದು ಬಣ್ಣದ ಪುಸ್ತಿಕೆ ತಂದರು. ಅಕ್ಕ ಹೇಳುವುದು ಬೇರೆ: ಪಂಪನ್ನೂ ತಂದಿದ್ದರು, ಆ ಪುಸ್ತಿಕೆ ಪಂಪಿಗೆ ಸುತ್ತಿದ ಕಾಗದವಾಗಿತ್ತು ಅಂತ. ಇರಲಿ. ಪುಸ್ತಿಕೆಯಲ್ಲಿ ಬಿಳಿಯ ಪುಟ್ಟ ಹಡಗು, ಅದರೊಳಗೆ ತೊಂಬತ್ತಾರು ಪ್ರಯಾಣಿಕರು, ಅವರ ಮುಖದ ಮೇಲೆ ಈ ಲೋಕದಲ್ಲಿ ಯಾವ ಕಚೇರಿಯೂ ಇಲ್ಲವೇನೋ ಎಂಬಂಥ ನಗೆ.

ಆ ನಗೆಗೆ ಚಿಕ್ಕಪ್ಪ ಬಿದ್ದುಹೋದರು. ಒಮ್ಮೆ, ಒಂದೇ ಒಮ್ಮೆ, ಆ ಹಡಗು ಹತ್ತಬೇಕು. ಅದಾದ ಮೇಲೆ ಏನು ಬೇಕಾದರೂ ಆಗಲಿ.

ಏನಿದೆ ಅಂಥದ್ದು ಅದರಲ್ಲಿ? ಕೇಳಿದವರು ಕೆಟ್ಟರು! ಚಿಕ್ಕಪ್ಪ ಬೆರಳು ಮಡಚಿ ಮಡಚಿ ಹೇಳುತ್ತಿದ್ದರು. ದೊಡ್ಡ ಹಡಗೆಂದರೆ ಸಂತೆ, ಅಲ್ಲಿಯೂ ಸಾಲು ನಿಲ್ಲಬೇಕು. ಸಣ್ಣದರಲ್ಲಿ ಸಾಲಿಲ್ಲ. ದೊಡ್ಡದು ದೊಡ್ಡ ಬಂದರಿಗೇ ಹೋಗಬೇಕು, ಸಣ್ಣದು ಎಲ್ಲಿ ಬೇಕಾದರೂ ನುಸುಳುತ್ತದೆ. ಗಂಟುಮೂಟೆ ಒಂದೇ ಸಲ ಬಿಚ್ಚಿದರಾಯಿತು. ಆಮೇಲೆ ನೀವು ಕುರ್ಚಿಯಲ್ಲಿ ಕೂತಿರುವುದು, ಊರುಗಳು ತಾವಾಗಿ ನಿಮ್ಮ ಕಡೆ ಬರುವುದು. "ನೋಡು ಮೋಳೇ," ಅನ್ನುತ್ತಿದ್ದರು ನನ್ನ ಕಡೆ ತಿರುಗಿ (ಮಗಳೇ ಎನ್ನಲು ಮಾತ್ರ ಅವರಿಗೆ ಮಲಯಾಳವೇ ಬೇಕು), "ನಾವು ಮಾನಂದವಾಡಿಗೆ ಹೋಗುವುದಲ್ಲ. ಮಾನಂದವಾಡಿಯೇ ಇಲ್ಲಿಗೆ ಬರುವುದು. ಬಂದು, ನಿಂತು, ನಾವು ಬೇಡ ಅಂದರೆ ಹಾಗೇ ಮುಂದೆ ಹೋಗುವುದು!"

ಗದ್ದೆಯಲ್ಲಿ ನಾಟಿಯ ಹೆಂಗಸರ ಗುಂಪಿಗೆ ಮುಂದಾಳು ಬೊಳ್ಳಿ. ತಿರುನೆಲ್ಲಿ ಕಡೆಯ ಕಾಡಂಚಿನವಳು, ಸುಮಾರು ಚಿಕ್ಕಪ್ಪನದೇ ವಯಸ್ಸು, ಹತ್ತು ವರ್ಷದವಳಿದ್ದಾಗಿನಿಂದ ನಮ್ಮ ಕೆಸರಿನಲ್ಲೇ ಬಗ್ಗಿದವಳು. ಕಾಗದದ ಪ್ರಕಾರ ಕೆಳಗದ್ದೆಯನ್ನು ಉಳುವವರು ಚಿಕ್ಕಪ್ಪ, ಕೆಸರಿನ ಪ್ರಕಾರ ಬೊಳ್ಳಿ. ಒಂದು ದಿನ ಬದುವಿನ ಮೇಲೆ ನಿಂತು ಚಿಕ್ಕಪ್ಪ ಅವಳಿಗೂ ಹಡಗಿನ ಪಾಠ ಮಾಡಿದರು.

"ಅಲ್ಲಿ ಪಣಿ ಏನು ಗೌಡ್ರೇ? ನೀರು ಹೊಡೆಯೋದಾ?" ಎಂದಳು ಬೊಳ್ಳಿ, ಸಸಿಯಿಂದ ಕಣ್ಣೆತ್ತದೆ.

"ಏನೂ ಕೆಲಸ ಇಲ್ಲ. ಕೂರುವುದು."

"ಕೂತು?"

"ನೋಡುವುದು."

"ಏನನ್ನ?"

"ನೀರನ್ನ."

ಬೊಳ್ಳಿ ನಡು ನೆಟ್ಟಗೆ ಮಾಡಿ, ತನ್ನ ಸುತ್ತ ಮೂರೆಕರೆ ನಿಂತ ನೀರನ್ನು ಒಮ್ಮೆ ನೋಡಿದಳು. "ನೀರು ನೋಡೋಕೆ ಕೂಲಿ ಎಷ್ಟು ಕೊಡ್ತಾರೆ?"

"ಕೊಡುವುದಿಲ್ಲ ಬೊಳ್ಳಿ. ನಾವೇ ಕೊಡಬೇಕು."

ಆ ಹೆಂಗಸರು ನಕ್ಕ ನಗೆಗೆ ಅವತ್ತು ಎರಡು ಸಾಲು ನಾಟಿ ಸೊಟ್ಟಗಾಯಿತು. ಆ ವರ್ಷ ಪೈರು ಬಂದಾಗಲೂ ಸೊಟ್ಟಗೇ ಇತ್ತು. ಬಂದವರಿಗೆಲ್ಲ ಅಪ್ಪ ತೋರಿಸುತ್ತಿದ್ದರು: "ಇದು ನನ್ನ ತಮ್ಮ ಹಡಗು ಬಿಟ್ಟ ಜಾಗ!"

ಚಿಕ್ಕಪ್ಪ ಅಷ್ಟಕ್ಕೇ ಬಿಡಲಿಲ್ಲ. ಕಾಲೇಜಿಗೆ ಹೋಗಿ ಅರ್ಧಕ್ಕೆ ಬಂದವಳಾದ ನನ್ನ ಇಂಗ್ಲಿಷಿನಲ್ಲಿ ಹಡಗಿನ ಕಂಪನಿಗೆ ಪತ್ರ ಬರೆಸಿದರು. ಮೂರು ಪ್ರಶ್ನೆ. ಒಂದು, ನೆಲದಡಿ ಬೆಳೆಯುವ ಗೆಡ್ಡೆ ಗೆಣಸು ಹಾಕದೆ ಅಡುಗೆ ಮಾಡುತ್ತೀರಾ? ಎರಡು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುತ್ತೀರಾ? ಮೂರು, ನಾವು ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ, ಆದರೆ ನಿಮ್ಮ ಹಡಗು ಪಶ್ಚಿಮಕ್ಕೆ ಓಡುತ್ತಾ ಇದ್ದರೆ ಸೂರ್ಯ ದಿನಾ ತಡವಾಗಿ ಮುಳುಗುತ್ತಾನಲ್ಲ, ಆಗ ಊಟದ ಹೊತ್ತನ್ನು ಹೇಗೆ ತಿಳಿಯುವುದು? ದರ ಎಷ್ಟು ಎಂದು ಮಾತ್ರ ಅವರು ಯಾವ ಪತ್ರದಲ್ಲೂ ಕೇಳಿಸಲಿಲ್ಲ. ಕೇಳೋಣವೇ ಎಂದರೆ, "ಮೊದಲ ಪತ್ರದಲ್ಲೇ ಅಂಥದ್ದು ಕೇಳುವುದು ಮರ್ಯಾದೆಯಾ?" ಎಂದರು. ಐದನೆಯ ಪತ್ರ ಬರೆಸುವಾಗಲೂ ಅದನ್ನೇ ಹೇಳಿದರು.

ಮೂರು ತಿಂಗಳಿಗೆ ಉತ್ತರ ಬಂತು! ದಪ್ಪ ಕಾಗದ. ಗೆಡ್ಡೆ ಬಿಡುತ್ತೇವೆ, ನೀರು ಸೋಸುತ್ತೇವೆ, ಸೂರ್ಯಾಸ್ತದ ಹೊತ್ತನ್ನು ಕಪ್ತಾನರು ಪ್ರತಿದಿನ ಖುದ್ದಾಗಿ ತಮಗೆ ತಿಳಿಸುತ್ತಾರೆ, ಎಂದಿತ್ತು. ಚಿಕ್ಕಪ್ಪ ಆ ಸಾಲನ್ನು ನನ್ನಿಂದ ನಾಲ್ಕು ಸಲ ಓದಿಸಿದರು. "ಖುದ್ದಾಗಿ!" ಎಂದರು. "ಈ ಮನೆಯಲ್ಲಿ ಹೊತ್ತು ಮುಳುಗಿತು ಅಂತ ನನಗೆ ಯಾರಾದರೂ ಒಂದು ದಿನ ಖುದ್ದಾಗಿ ಹೇಳಿದ್ದೀರಾ?" ನಿಜ, ಯಾರೂ ಹೇಳಿರಲಿಲ್ಲ. ನಾವು ಪಾತ್ರೆ ತೊಳೆದಿಟ್ಟು "ಊಟ ಆಯಿತು, ಎಲ್ಲಿ ಹೋಗಿದ್ದಿರಿ?" ಎನ್ನುತ್ತಿದ್ದೆವು.

ಈ ಮಾತೆಲ್ಲ ನಡೆಯುತ್ತಿದ್ದ ಕಾಲ ಎಂಥದ್ದು ಎಂದು ಹೇಳದಿದ್ದರೆ ಚಿಕ್ಕಪ್ಪನನ್ನು ಬರೀ ಹುಚ್ಚರೆಂದುಕೊಂಡೀರಿ. ಕಾಡಿನಲ್ಲಿ ಹುಡುಗರು ಸೇರಿದ್ದಾರೆ, ಜಮೀನುದಾರರ ಪಟ್ಟಿ ಮಾಡಿದ್ದಾರೆ ಎಂಬ ಸುದ್ದಿ. ಅವರನ್ನು ಹುಡುಕಲು ಪೊಲೀಸರ ಕ್ಯಾಂಪು. ನಾಯಿ ಬೊಗಳಿದರೆ ಬಂದದ್ದು ಆ ಹುಡುಗರೋ, ಈ ಪೊಲೀಸರೋ, ಬರೀ ನರಿಯೋ ಎಂದು ಯೋಚಿಸುವುದರಲ್ಲೇ ಬೆಳಗಾಗುತ್ತಿತ್ತು. ಬೊಳ್ಳಿಯ ಕೇರಿಗೆ ಪೊಲೀಸರು ಹೋದರೆ ಗಂಡಸರು ಕಾಡಿಗೆ ಓಡುತ್ತಿದ್ದರು, ಓಡಿದ್ದಕ್ಕೇ ಹೊಡೆತ ತಿನ್ನುತ್ತಿದ್ದರು. ಗದ್ದೆಗೆ ಬಂದವರು ನಿಂತಲ್ಲೇ ತೂಕಡಿಸುತ್ತಿದ್ದರು. ಎಲ್ಲರಿಗೂ ಸುಸ್ತು. ಹೆದರಿಕೆಗಿಂತ ಹೆಚ್ಚಾಗಿ ನನಗೆ ನೆನಪಿರುವುದು ಆ ಸುಸ್ತೇ.

ಒಂದು ಬೆಳಿಗ್ಗೆ ಪೊಲೀಸರು ನಮ್ಮ ಮನೆಗೂ ಬಂದರು. ಹುಡುಕಿದರು. ಚಿಕ್ಕಪ್ಪನ ಹಾಸಿಗೆಯಡಿ ಸಿಕ್ಕಿತು: ಕರಾವಳಿಯ ನಕ್ಷೆ, ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ, ಗೆರೆಯುದ್ದಕ್ಕೂ ಕೆಂಪು ಸುತ್ತುಗಳು, ಪಕ್ಕದಲ್ಲಿ ವಿದೇಶದಿಂದ ಬಂದ ಪತ್ರ! ಅಪ್ಪನ ಮುಖ ಅನ್ನದ ಗಂಜಿಯಂತಾಯಿತು.

"ಇದೆಂದಾ ಗೌಡರೇ?" ಎಂದ ಸಬ್ಇನ್‌ಸ್ಪೆಕ್ಟರು. ಇದೇನು ಎಂದು.

ಕೇಳಿದವರು ಕೆಟ್ಟರು ಎಂದೆನಲ್ಲ? ಚಿಕ್ಕಪ್ಪ ಶುರುಮಾಡಿದರು. ದೊಡ್ಡ ಹಡಗಿನ ದೋಷಗಳು, ಸಣ್ಣದರ ಗುಣಗಳು, ಕುರ್ಚಿಯ ಕ್ಯಾನ್ವಾಸು, ಹಾಸಿಗೆಯ ಮೇಲಿನ ಬಿಳಿ ಚಾದರ. ಮೊದಲು ನಿಂತಿದ್ದ ಕಾನ್ಸ್‌ಟೇಬಲ್ಲುಗಳು ಆಮೇಲೆ ಜಗಲಿಯಲ್ಲಿ ಕೂತರು. ಆಮೇಲೆ ಬೂಟು ಬಿಚ್ಚಿದರು. ಅವರ ಕಾಲು ನೋಡಬೇಕಿತ್ತು, ಜಿಗಣೆ ಕಚ್ಚಿ ಕಚ್ಚಿ ರಕ್ತ ಹೆಪ್ಪುಗಟ್ಟಿತ್ತು. ಕೊನೆಗೆ ಸಬ್ಇನ್‌ಸ್ಪೆಕ್ಟರು ಒಂದೇ ಪ್ರಶ್ನೆ ಕೇಳಿದ, ಅದೂ ದನಿ ತಗ್ಗಿಸಿ: "ಭಕ್ಷಣ ಅದರಲ್ಲೇ ಸೇರಿದೆಯಾ?"

"ಮೂರು ಹೊತ್ತು," ಎಂದರು ಚಿಕ್ಕಪ್ಪ.

ಅವನು ನಕ್ಷೆಯನ್ನು ಮಡಚಿ ತಾನೇ ಹಾಸಿಗೆಯಡಿ ಇಟ್ಟು ಹೋದ. ಆಮೇಲೆ ಜೀಪು ಆ ದಾರಿಯಲ್ಲಿ ಹೋದಾಗಲೆಲ್ಲ ಯಾರಾದರೂ ಕೂಗುತ್ತಿದ್ದರು: "ಗೌಡರೇ, ಹಡಗು ಎಲ್ಲಿವರೆಗೆ ಬಂತು?"

ಇನ್ನು ಆ ಕಡೆಯವರ ಸಂಗತಿ. ಒಂದು ಸಂಜೆ, ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ, ಗಡ್ಡ ಬಿಟ್ಟ ಒಬ್ಬ ಯುವಕ ಅಂಗಳದಲ್ಲಿ ನಿಂತು ಅನ್ನ ಕೇಳಿದ. ಅಕ್ಕನ ಪ್ರಕಾರ ಅವನು ದಾರಿ ತಪ್ಪಿದ ಸರ್ವೆಯವನು. ಸರ್ವೆಯವನಾದರೆ ವರ್ಗ, ಶೋಷಣೆ ಎಂದೆಲ್ಲ ಏಕೆ ಮಾತಾಡಿದ? ಅದಿರಲಿ. ಕ್ರಾಂತಿಕಾರಿಗಳು ಎಷ್ಟೇ ಓದಿಕೊಂಡಿರಲಿ, ಜೈನರ ಮನೆಯಲ್ಲಿ ಅನ್ನ ಬೇಕಾದರೆ ಸಂಜೆ ಐದಕ್ಕೆ ಮೊದಲು ಬರಬೇಕು ಎಂಬುದು ಅವರ ಪುಸ್ತಕದಲ್ಲಿ ಇರಲಿಲ್ಲ! ಒಲೆ ಆರಿತ್ತು, ಪಾತ್ರೆ ಬೋರಲು ಹಾಕಿತ್ತು. ಅಜ್ಜಿ ಬಾಗಿಲಿಗೆ ಬಂದು, "ರಾತ್ರಿ ಒಲೆ ಹಚ್ಚಿದರೆ ಹುಳ ಬೀಳುತ್ತದೆ ಮಗ, ಬೆಳಿಗ್ಗೆ ಬಾ, ಬಿಸಿ ಬಿಸಿ ಹಾಕುತ್ತೇನೆ," ಎಂದಳು. ಅವನು ಜಗಲಿಯ ಅಂಚಿನಲ್ಲಿ ಕೂತುಬಿಟ್ಟ. ಅವಲಕ್ಕಿ ಬೆಲ್ಲ ಕಟ್ಟಿಕೊಟ್ಟೆವು. ಅದು ಕಟ್ಟುವಷ್ಟರಲ್ಲಿ ಚಿಕ್ಕಪ್ಪ ಅವನ ಪಕ್ಕ ಕೂತಾಗಿತ್ತು.

"ನೀವು ಗೆದ್ದ ಮೇಲೆ ಹಡಗುಗಳು ಯಾರದ್ದು?"

"ಎಲ್ಲರದ್ದು," ಎಂದ ಯುವಕ ತಡೆಯದೆ.

ಚಿಕ್ಕಪ್ಪನಿಗೆ ಕಳವಳವಾಯಿತು. "ಎಲ್ಲರೂ ಹತ್ತಿದರೆ ಅದು ದೊಡ್ಡ ಹಡಗಾಗಿಬಿಡುತ್ತದಲ್ಲ!"

ಯುವಕ ಬಹಳ ಹೊತ್ತು ಯೋಚಿಸಿದ. ಪಾಪ, ಅವನೂ ದಣಿದಿದ್ದ. "ಸಣ್ಣವನ್ನೇ ತುಂಬ ಮಾಡೋಣ," ಎಂದ.

"ಹಾಗಾದರೆ ನನ್ನದೇನೂ ಅಡ್ಡಿಯಿಲ್ಲ," ಎಂದರು ಚಿಕ್ಕಪ್ಪ. ಆ ಕಾಲದಲ್ಲಿ ಎರಡೂ ಕಡೆಯವರ ಜೊತೆ ಒಪ್ಪಂದಕ್ಕೆ ಬಂದ ಮನುಷ್ಯ ಇಡೀ ಸೀಮೆಯಲ್ಲಿ ಅವರೊಬ್ಬರೇ ಇರಬೇಕು.

ಒಪ್ಪದಿದ್ದವಳು ಅಜ್ಜಿ. ಒಂದು ದಿನ ಹಲಸಿನ ತೊಳೆ ಬಿಡಿಸುತ್ತಾ ಅವಳು ಶಾಂತವಾಗಿ ಹೇಳಿದಳು: "ಹಡಗು ಹಡಗು ಅಂತೀಯಲ್ಲ, ನಿನ್ನ ದಿಗ್ವ್ರತ ಎಲ್ಲಿ ಹೋಯಿತು?"

ಚಿಕ್ಕಪ್ಪನ ಕೈಯ ತೊಳೆ ಅಲ್ಲೇ ನಿಂತಿತು.

ದಿಗ್ವ್ರತವೆಂದರೆ, ಬದುಕಿರುವವರೆಗೆ ಯಾವ ದಿಕ್ಕಿಗೆ ಎಷ್ಟು ದೂರ ಹೋಗುತ್ತೇನೆ ಎಂದು ಗಡಿ ಹಾಕಿಕೊಳ್ಳುವುದು. ನಮ್ಮಲ್ಲಿ ಭಕ್ತಿಯುಳ್ಳವರು ಮಾಡುತ್ತಾರೆ. ಹಾಕಿದ ಗಡಿಯನ್ನು ಒಳಕ್ಕೆ ಎಳೆದುಕೊಳ್ಳಬಹುದು, ಹೊರಕ್ಕೆ ತಳ್ಳುವಂತಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಶ್ರವಣಬೆಳಗೊಳದಲ್ಲಿ ಮುನಿಗಳೊಬ್ಬರ ಎದುರು ಅಜ್ಜಿ ಮಗನ ಕೈಮುಗಿಸಿ ಈ ವ್ರತ ಕೊಡಿಸಿದ್ದಳು. ಉತ್ತರಕ್ಕೆ ಬೆಳಗೊಳ. ಪೂರ್ವಕ್ಕೆ ಮೈಸೂರು. ದಕ್ಷಿಣಕ್ಕೆ ಪಾಲಕ್ಕಾಡು. ಮೇಲಕ್ಕೆ ನಮ್ಮ ಕಾಫಿ ಗುಡ್ಡದ ನೆತ್ತಿ, ಕೆಳಕ್ಕೆ ನಮ್ಮ ಬಾವಿಯ ತಳ. ಪಶ್ಚಿಮಕ್ಕೆ ಕಲ್ಲಿಕೋಟೆ. ಕಲ್ಲಿಕೋಟೆಯಾಚೆ ಬರೀ ನೀರು, ಅಲ್ಲಿಗೆ ಯಾವ ಮೂರ್ಖ ಹೋಗುತ್ತಾನೆ ಎಂದು ಆಗ ಇಬ್ಬರಿಗೂ ಅನಿಸಿತ್ತಂತೆ!

"ನನಗೆ ಹದಿನಾರಮ್ಮ ಆಗ!" ಎಂದರು ಚಿಕ್ಕಪ್ಪ.

"ಮುನಿಗಳು ವಯಸ್ಸು ಕೇಳಲಿಲ್ಲ," ಎಂದಳು ಅಜ್ಜಿ.

ಮೂರು ದಿನ ಅವರು ಪುಸ್ತಿಕೆ ಮುಟ್ಟಲಿಲ್ಲ. ನಾಲ್ಕನೆಯ ದಿನ ನನ್ನನ್ನು ಕರೆದು ಪತ್ರ ಬರೆಸಿದರು: ತಮ್ಮ ಹಡಗು ಎಂದಾದರೂ ಕಲ್ಲಿಕೋಟೆಗೆ ಬರುತ್ತದೆಯೇ? ಇದೇ ನನ್ನ ಗಡಿ, ಕ್ಷಮಿಸಬೇಕು. ಈ ಸಲ ನಾಲ್ಕು ತಿಂಗಳು. ಉತ್ತರ ಬಂದಾಗ ನಾನು ಅಂಗಳದಲ್ಲೇ ನಿಂತು ಓದಿದೆ. ಬರುವ ಚಳಿಗಾಲದಲ್ಲಿ ಹಡಗು ಆ ತೀರದಲ್ಲಿ ಹಾದುಹೋಗುತ್ತದೆ, ಕಲ್ಲಿಕೋಟೆಯ ಎದುರು ಒಂದು ದಿನ ಲಂಗರು ಹಾಕುತ್ತದೆ, ಪತ್ರ ತೋರಿಸಿದರೆ ತಾವು ದೋಣಿಯಲ್ಲಿ ಬಂದು ಸಂಜೆಯವರೆಗೆ ನಮ್ಮ ಅತಿಥಿಯಾಗಿರಬಹುದು, ಎಂದು ಬರೆದಿದ್ದರು.

ಆದರೆ ಲಂಗರು ಹಾಕುವುದು ದಡದಿಂದ ಒಂದೆರಡು ಮೈಲಿ ಆಚೆ. ಅದು ಕಲ್ಲಿಕೋಟೆಯೋ, ಕಲ್ಲಿಕೋಟೆಯ ಆಚೆಯೋ? ಅಜ್ಜಿ ಮಗನನ್ನು ಎಳೆದುಕೊಂಡು ಬಸದಿಗೆ ನಡೆದಳು. ಅಲ್ಲಿ ಪೂಜೆ ಮಾಡುವ ಇಂದ್ರರಿಗೆ ಎಂಬತ್ತು ವರ್ಷ, ಅವರೂ ಕಡಲು ಕಂಡವರಲ್ಲ. ಕಣ್ಣು ಮುಚ್ಚಿ ಕೂತಿದ್ದು, ಕೊನೆಗೆ ಹೇಳಿದರು: "ಕಲ್ಲಿಕೋಟೆಯ ಕಾಗೆ ಎಲ್ಲಿಯವರೆಗೆ ಹಾರುತ್ತದೋ ಅಲ್ಲಿಯವರೆಗೆ ಕಲ್ಲಿಕೋಟೆ." ಇಷ್ಟು ಒಳ್ಳೆಯ ತೀರ್ಪು ಮಾನಂದವಾಡಿಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ!

ಇನ್ನೇನು ಎಲ್ಲ ಆಯಿತು ಎನ್ನುವಾಗ ಆ ಕಚೇರಿಯಿಂದಲೂ ಕಾಗದ ಬಂತು. ಅಂತಿಮ ವಿಚಾರಣೆ. ಹಾಜರಾಗದಿದ್ದರೆ ಕೆಳಗದ್ದೆಯ ಮೂರೆಕರೆಯನ್ನು ಹೆಚ್ಚುವರಿ ಎಂದು ತೀರ್ಮಾನಿಸಿ ಸರ್ಕಾರ ತೆಗೆದುಕೊಳ್ಳುತ್ತದೆ. ದಿನ? ಹಡಗು ಬರುವ ಅದೇ ದಿನ. ಕಥೆ ಇಷ್ಟು ಚೆನ್ನಾಗಿ ಕೂಡಿಬಂದಾಗ ನನಗೇ ಸಂಶಯ ಬರುತ್ತದೆ. ಆದರೆ ಇದೊಂದರಲ್ಲಿ ಅಕ್ಕನೂ ನಾನೂ ಒಂದೇ ಮಾತು.

ಅಪ್ಪ ಕೂಗಾಡಲಿಲ್ಲ, ಅದೇ ಹೆದರಿಕೆಯಾದದ್ದು. ಚಾವಡಿಯಲ್ಲಿ ತಮ್ಮನ ಎದುರು ಕೂತು ಮೆಲ್ಲಗೆ ಹೇಳಿದರು: "ಎರಡು ವರ್ಷ ತಿರುಗಿದ್ದೀಯ. ಇನ್ನೊಂದು ದಿನ. 'ನಾನೇ ಉಳುವವನು' ಅನ್ನು. ಅಷ್ಟೇ."

"ನಾನು ಉತ್ತಿಲ್ಲವಲ್ಲ ಅಣ್ಣ."

"ಅದು ನನಗೂ ಗೊತ್ತು."

"ಬೊಳ್ಳಿ ಎಲ್ಲ ಮಾಡಿದ್ದು."

"ಅದು ಅವರಿಗೂ ಗೊತ್ತು! ನೀನು ಹೇಳಬೇಕು, ಅವರು ಬರೆದುಕೊಳ್ಳಬೇಕು."

ಚಿಕ್ಕಪ್ಪ ಅಜ್ಜಿಯ ಕಡೆ ನೋಡಿದರು. ಸುಳ್ಳು ಹೇಳುವುದಿಲ್ಲ ಎಂಬ ವ್ರತವೂ ಅವಳೇ ಕೊಡಿಸಿದ್ದು. ಅಜ್ಜಿ ಕಂಬ ನೋಡುತ್ತಾ, "ಸರ್ಕಾರದ ಹತ್ತಿರ ಹೇಳಿದರೆ ಅಷ್ಟು ದೋಷವಿಲ್ಲ," ಎಂದಳು. ಎರಡು ಮೈಲಿ ನೀರಿಗೆ ಬಸದಿಯವರೆಗೆ ಹೋದವಳು!

ಆ ದಿನ ಬೆಳಿಗ್ಗೆ ಅಪ್ಪ ನನ್ನನ್ನೇ ಕಾವಲಿಗೆ ಕಳಿಸಿದರು, ಚಿಕ್ಕಪ್ಪನನ್ನು ಕಚೇರಿಯ ಬೆಂಚಿನ ಮೇಲೆ ಕೂರಿಸಿ ಬರಬೇಕು ಎಂದು. ಮಾನಂದವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆವು. ಎಡಕ್ಕೆ ಕಚೇರಿ. ಬಲಕ್ಕೆ ಕಲ್ಲಿಕೋಟೆಯ ಬಸ್ಸು, ಎಂಜಿನು ಗುರುಗುಡುತ್ತಿತ್ತು. ಚಿಕ್ಕಪ್ಪ ಇಸ್ತ್ರಿಯ ಬಿಳಿ ಅಂಗಿ ಹಾಕಿದ್ದರು. ಕೈಯಲ್ಲಿ ಸೋಸಿದ ನೀರಿನ ಹಿತ್ತಾಳೆ ಚೊಂಬು, ಜೇಬಿನಲ್ಲಿ ಹಡಗಿನವರ ಪತ್ರ. ಅವರು ಎರಡೂ ಕಡೆ ನೋಡಿ, ಅದೇ ಮೊದಲ ಸಲವೇನೋ ಎಂಬಂತೆ ನನ್ನನ್ನು ಕೇಳಿದರು: "ಮೋಳೇ, ಏನು ಮಾಡಲಿ?"

"ನನಗೆ ಗೊತ್ತಿಲ್ಲ ಚಿಕ್ಕಪ್ಪ."

"ಅಲ್ಲಿ ಹೋದರೆ ಸುಳ್ಳು ಹೇಳಬೇಕು. ನಿಜ ಹೇಳಿದರೆ ಅಣ್ಣ ಸಾಯುತ್ತಾನೆ." ಚೊಂಬನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಹೋಗದೇ ಇದ್ದರೆ ಎರಡೂ ಇಲ್ಲ."

ನಾನೇ ಮೊದಲು ಬಲಕ್ಕೆ ತಿರುಗಿದೆ. ಅಥವಾ ಅವರೇ ತಿರುಗಿದರೋ? ನಾನೇ ಎಂದು ಎಷ್ಟು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ, ಈಗ ನಿಜಕ್ಕೂ ನೆನಪಿಲ್ಲ.

ಜಮೀನಿನ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಕೆಳಗದ್ದೆ ಹೋಯಿತು. ಅಪ್ಪ ಒಂದಿಡೀ ಮಳೆಗಾಲ ತಮ್ಮನ ಜೊತೆ ಮಾತು ಬಿಟ್ಟರು. ಹೋದ ಗದ್ದೆ ಕೂಡಲೇ ಬಡವರಿಗೆ ಸಿಕ್ಕಿತು ಎಂದುಕೊಳ್ಳಬೇಡಿ. ಫೈಲು ಎಷ್ಟೋ ವರ್ಷ ಮಲಗಿತು, ಗದ್ದೆಯಲ್ಲಿ ಹುಲ್ಲು ಬೆಳೆಯಿತು. ಕೊನೆಗೆ ಹಂಚಿದಾಗ ಬೊಳ್ಳಿಗೂ ಒಂದು ಪಟ್ಟಿ ನೆಲ ಬಂತು, ಸರಿಯಾಗಿ ಬಂಡೆಯಿರುವ ಮೂಲೆಯಲ್ಲಿ. "ಚಿಕ್ಕಗೌಡ್ರು ಹಡಗಿಗೆ ಹೋದರು, ನಂಗೆ ಬಂಡೆ ಸಿಕ್ತು," ಎನ್ನುತ್ತಿದ್ದಳು. ಬೈಗುಳವೋ ಕೃತಜ್ಞತೆಯೋ ತಿಳಿಯುತ್ತಿರಲಿಲ್ಲ. ಬಂಡೆಯ ಸುತ್ತ ನಾಟಿ ಮಾಡಿದಳು.

ಅದಿರಲಿ, ಘಟ್ಟ. ಮೂರನೆಯ ತಿರುವಿನಲ್ಲಿ ಚಿಕ್ಕಪ್ಪ ಕಿಟಕಿಗೆ ಬಾಗಿದರು, ಒಂಬತ್ತನೆಯದರವರೆಗೂ ಬಾಗಿಯೇ ಇದ್ದರು. ಕಲ್ಲಿಕೋಟೆಯಲ್ಲಿ ಇಳಿದಾಗ ಇಸ್ತ್ರಿಯೂ ಇರಲಿಲ್ಲ, ಮುಖದಲ್ಲಿ ರಕ್ತವೂ ಇರಲಿಲ್ಲ. ಆದರೆ ದೂರದಲ್ಲಿ, ನೀರಿನ ಮೇಲೆ, ಬಿಳಿಯ ಪುಟ್ಟ ಹಡಗು ಇತ್ತು. ನಿಜವಾಗಿ ಇತ್ತು!

ದೋಣಿ ಹತ್ತಿದೆವು. ದೋಣಿಯವನು ಹುಟ್ಟು ಹಾಕುತ್ತಿದ್ದರೆ ಚಿಕ್ಕಪ್ಪ ಹಡಗನ್ನು ನೋಡಲೇ ಇಲ್ಲ, ಆಕಾಶ ನೋಡುತ್ತಿದ್ದರು. "ಕಾಗೆ ಇದೆಯಾ ನೋಡು ಮೋಳೇ." ಇರಲಿಲ್ಲ. ಬಿಳಿಯ ಕಡಲ ಹಕ್ಕಿಗಳಿದ್ದವು. "ಅವು ಲೆಕ್ಕಕ್ಕಿಲ್ಲ," ಎಂದರು. ಅರ್ಧ ದಾರಿಯಲ್ಲಿ "ತಿರುಗಿಸಪ್ಪ" ಎಂದೇ ಬಿಟ್ಟರು. ದೋಣಿಯವನಿಗೆ ತಲೆ ಕೆಟ್ಟಿತು. ಅಷ್ಟರಲ್ಲಿ ಹಡಗಿನ ಅಡುಗೆಮನೆ ಕಡೆಯಿಂದ ಯಾರೋ ಏನೋ ಸುರಿದರು ನೋಡಿ, ಎಲ್ಲಿದ್ದವೋ ಏನೋ, ಏಳೆಂಟು ಕಾಗೆ ಕಾಕಾ ಎನ್ನುತ್ತಾ ಹಡಗಿನ ಕಂಬಿಯ ಮೇಲೆಲ್ಲ ಕೂತವು! ಅಪ್ಪಟ ಕಲ್ಲಿಕೋಟೆಯವು!

ಮೇಲೆ ಬಿಳಿ ಸಮವಸ್ತ್ರದವರೊಬ್ಬರು ಪತ್ರ ನೋಡಿ ಕೈಮುಗಿದರು. ಊಟದ ಕೋಣೆ, ಎಂಜಿನು, ಪುಸ್ತಕದ ಕೋಣೆ, ಎಲ್ಲ ತೋರಿಸುತ್ತೇವೆ ಬನ್ನಿ ಎಂದರು. ಬಾಗಿಲಿನ ಪಕ್ಕದಲ್ಲೇ ನೆರಳಿನಲ್ಲಿ ಕ್ಯಾನ್ವಾಸಿನ ಎರಡು ಉದ್ದ ಕುರ್ಚಿಗಳಿದ್ದವು. ಚಿಕ್ಕಪ್ಪನ ಹೊಟ್ಟೆ ಇನ್ನೂ ನೆಟ್ಟಗಾಗಿರಲಿಲ್ಲ. "ಐದು ನಿಮಿಷ ಕೂರುತ್ತೇನೆ ಮೋಳೇ. ಆಮೇಲೆ ಒಂದೂ ಬಿಡದೆ ನೋಡೋಣ," ಎಂದು ಕಾಲು ಚಾಚಿದರು.

ಕಾಲು ಚಾಚಿದವರು ನಿದ್ದೆಹೋದರು.

ಅಂಥ ನಿದ್ದೆಯನ್ನು ನಾನು ನಮ್ಮ ಮನೆಯಲ್ಲಿ ಯಾರ ಮುಖದ ಮೇಲೂ ಕಂಡು ವರ್ಷಗಳಾಗಿದ್ದವು. ಬಾಯಿ ಅರ್ಧ ತೆರೆದಿತ್ತು. ಹಣೆಯ ಗಂಟು ಬಿಚ್ಚಿತ್ತು. ಐದು ನಿಮಿಷವಾಯಿತು, ಎಬ್ಬಿಸಬೇಕೆಂದು ಕೈ ಚಾಚಿದೆ, ಹಿಂತೆಗೆದೆ. ಇದಕ್ಕಾಗಿ ಮೂರೆಕರೆ ಬಿಟ್ಟು ಬಂದವರು! ಮತ್ತೆ ಕೈ ಚಾಚಿದೆ, ಮತ್ತೆ ಹಿಂತೆಗೆದೆ. ಸಮವಸ್ತ್ರದವರು ಕರೆಯಲು ಬಂದಾಗ ನಾನು ತುಟಿಯ ಮೇಲೆ ಬೆರಳಿಟ್ಟೆ. ಅವರು ತಮ್ಮದೇ ಹಡಗಿನಲ್ಲಿ ತುದಿಗಾಲಿನಲ್ಲಿ ನಡೆದುಹೋದರು. ಆಮೇಲೆ ಯಾರೋ ಒಂದು ತೆಳ್ಳನೆಯ ಕಂಬಳಿ ತಂದು ಅವರ ಕಾಲಿಗೆ ಹೊದಿಸಿದರು. ನಾನು ಎದ್ದರೆ ಕುರ್ಚಿ ಕಿರುಗುಟ್ಟೀತು ಎಂದು ನಾನೂ ಏಳಲಿಲ್ಲ. ಹಡಗು ಅಲುಗುತ್ತಿತ್ತು, ಇಲ್ಲವೆನ್ನುವಷ್ಟು ಮೆಲ್ಲಗೆ. ಹೀಗೆ ಮಧ್ಯಾಹ್ನ ಕಳೆಯಿತು. ಸಂಜೆಯ ದೋಣಿ ಬಂದು ಕೂಗಿದಾಗಲೇ ಅವರಿಗೆ ಎಚ್ಚರವಾದದ್ದು.

ಕಂಬಳಿ ನೋಡಿದರು. ಆಕಾಶ ನೋಡಿದರು. ನನ್ನನ್ನು ನೋಡಿದರು. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು ಇಳಿದರು.

ಬಸ್ಸು ಘಟ್ಟ ಹತ್ತತೊಡಗಿತು. ನನಗೆ ಅಳು ಬರುವಂತಿತ್ತು. ಎಬ್ಬಿಸದೆ ತಪ್ಪು ಮಾಡಿದೆನೇ? ಮೂರು ತಿರುವು ಕಳೆದವು, ಅವರಿಗೆ ಹೊಟ್ಟೆ ತೊಳೆಸಲಿಲ್ಲ. ನಾಲ್ಕನೆಯ ತಿರುವಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು: "ಹೇಳು ಮೋಳೇ. ಊಟದ ಕೋಣೆ ಹೇಗಿತ್ತು?"

ಕುರ್ಚಿ ಬಿಟ್ಟು ನಾನು ಒಂದಡಿ ಕದಲಿರಲಿಲ್ಲ. "ಗುಂಡಗಿತ್ತು," ಎಂದೆ.

"ಗುಂಡಗೆ?"

"ಹ್ಞೂಂ. ಸುತ್ತ ಕಿಟಕಿ. ನೀಲಿ ಪರದೆ. ಒಂದು ಮುದುಕಿ ಸ್ವೆಟರು ಹೆಣೆಯುತ್ತಾ ಕೂತಿದ್ದಳು. ನಮ್ಮನ್ನು ನೋಡಿ ನಕ್ಕಳು."

"ನಕ್ಕಳು," ಎಂದರು ಚಿಕ್ಕಪ್ಪ.

"ಒಳಗೆ ಹೋದ ಕೂಡಲೇ ಎಡಗಡೆಗೆ ಒಂದು ಪಿಯಾನೋ ಇತ್ತು."

ಅವರು ಕಣ್ಣು ಮುಚ್ಚಿ, ಎಷ್ಟೋ ಹೊತ್ತು, ನೆನಪು ಮಾಡಿಕೊಂಡರು.

"ಇಲ್ಲ ಮೋಳೇ," ಎಂದರು ಕೊನೆಗೆ, "ಪಿಯಾನೋ ಬಲಗಡೆಗಿತ್ತು. ನೀನು ಸರಿಯಾಗಿ ನೋಡಲಿಲ್ಲ."